ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಮೈಕ್ರೊಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ‘ಈ ಲ್ಯಾಪ್‌ಟಾಪ್ ಕಥೆ ಮುಗೀತು, ಹೊಸದು ತಗೊಳ್ಳಲೇಬೇಕು.’ ಎಂಟು ಹತ್ತು ವರ್ಷದ ಹಿಂದೆ ಮಕ್ಕಳ ಕಾಲೇಜಿಗೆಂದು ಕೊಂಡ ಯಂತ್ರಗಳವು. ಒಳಗೆ ಇಂಟೆಲ್ ಸೆಲೆರಾನ್ ಎನ್3060ರಂಥ 6 ವ್ಯಾಟ್‌ನ ಪುಟ್ಟ ಪ್ರೊಸೆಸರ್, 4 ಜಿಬಿ ರ‍್ಯಾಮ್ (ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್ (ಕಡತಗಳನ್ನು ಉಳಿಸಿಡುವ ಜಾಗ). ಗುಂಡಿ ಒತ್ತಿ ಹೋಗಿ ಕಾಫಿ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಇಂಥವನ್ನು ಕಣ್ಣುಮುಚ್ಚಿ ಗುಜರಿಗೆ ಹಾಕುವವರೂ ನಷ್ಟ ಮಾಡಿಕೊಳ್ಳುತ್ತಾರೆ, ಯಾರೋ ಹೇಳಿದರೆಂದು ಸಿಕ್ಕ ಬಿಡಿಭಾಗ ಹಾಕಿಸುವವರೂ ನಷ್ಟ ಮಾಡಿಕೊಳ್ಳುತ್ತಾರೆ. ಲ್ಯಾಪ್‌ಟಾಪ್ ದುರಸ್ತಿ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಪತ್ರ ತುಸು ಉದ್ದವಾಗಿದೆ. ಆದರೆ ಈ ಕೆಲಸದಲ್ಲಿ ಅರ್ಧ ತಿಳಿದು ಕೈಹಾಕಿದರೇ ಹೆಚ್ಚು ಹಾಳು.

ನಾವು ಹೇಳಬೇಕಾದ ಮುಖ್ಯ ಮಾತು ಒಂದೇ. 4 ಜಿಬಿ ರ‍್ಯಾಮ್ ಇರುವ ಯಂತ್ರ ನಿಧಾನವಾಗಿದ್ದರೆ ಮೊದಲ ಹಣ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಕಡತ ಉಳಿಸುವ ಡಿಸ್ಕ್) ಹಾಕುವುದಕ್ಕೆ ಹೋಗಬೇಕು, ರ‍್ಯಾಮ್ ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ರ‍್ಯಾಮ್ ಹಾಕಿಸಿಕೊಂಡು ಹೋಗಿ, ವಾರ ಬಿಟ್ಟು ‘ಏನೂ ಫರಕು ಬಿದ್ದಿಲ್ಲ’ ಎಂದು ವಾಪಸು ಬರುತ್ತಾರೆ.

ಕಾರಣ ಹಾರ್ಡ್ ಡಿಸ್ಕ್‌ನ ಒಳಗಿನ ತಟ್ಟೆಯಲ್ಲಿದೆ. ಲ್ಯಾಪ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್ ಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಚಿಕ್ಕ ಕಡತಗಳನ್ನು ಸೆಕೆಂಡಿಗೆ ಅರವತ್ತು ಎಪ್ಪತ್ತು ಬಾರಿ ಓದುವಷ್ಟರಲ್ಲಿ ಅದಕ್ಕೆ ಸುಸ್ತು. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಚಿಲ್ಲರೆ ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ. ಒಂದು ಓದಿಗೆ 0.1 ಮಿಲಿಸೆಕೆಂಡ್ ಸಾಕು. 2010ರ ಸುಮಾರಿನ ಆಟಮ್ ಪ್ರೊಸೆಸರಿನ ನೆಟ್‌ಬುಕ್‌ಗಳಲ್ಲಿ (ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ) ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಸಂಪರ್ಕ ಎರಡನೇ ತಲೆಮಾರಿನದು, ಸೆಕೆಂಡಿಗೆ 300 ಎಂಬಿ ದಾಟುವುದಿಲ್ಲ. ‘ಅದಕ್ಕೆ ಎಸ್‌ಎಸ್‌ಡಿ ದಂಡ’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಲಾಭ ಇರುವುದು ದೊಡ್ಡ ಕಡತದ ವೇಗದಲ್ಲಲ್ಲ, ಚಿಲ್ಲರೆ ಓದಿನಲ್ಲಿ. ಅದು ಹಳೆಯ ಸಂಪರ್ಕದಲ್ಲೂ ಪೂರ್ತಿ ಸಿಗುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಶೇ 100 ತೋರಿಸುತ್ತಾ, ಕೆಳಗೆ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಸಾಗುತ್ತಿದ್ದರೆ ತಪ್ಪು ಡಿಸ್ಕಿನದು. ಮೆಮೊರಿ ಶೇ 90ರ ಮೇಲೆ ನಿಂತಿದ್ದರೆ ರ‍್ಯಾಮ್ ಕೊರತೆಯೂ ಇದೆ. ಇವೆರಡೂ ಕೂಡಿಕೊಳ್ಳುವುದುಂಟು: ರ‍್ಯಾಮ್ ಸಾಲದಾದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಬರೆದಿಡುತ್ತದೆ, ಡಿಸ್ಕ್ ಇನ್ನಷ್ಟು ಏದುಸಿರು ಬಿಡುತ್ತದೆ. ಆದ್ದರಿಂದ 2 ಜಿಬಿ ಯಂತ್ರಕ್ಕೆ ಎರಡೂ ಬೇಕು. 4 ಜಿಬಿ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ಒಂದು ತಿಂಗಳು ಬಳಸಿ, ಆಮೇಲೆ ರ‍್ಯಾಮ್ ಬಗ್ಗೆ ಯೋಚಿಸಿ.

ಬಿಡಿಭಾಗ ಕೊಳ್ಳುವ ಮೊದಲೇ ಇರುವ ಡಿಸ್ಕಿನ ಆರೋಗ್ಯ ನೋಡುವುದು ಒಳ್ಳೆಯದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ದಾಖಲೆ ತೋರಿಸುತ್ತದೆ. ಅದರಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನ ಎಣಿಕೆ ಸೊನ್ನೆ ಅಲ್ಲದಿದ್ದರೆ, ಓದಲಾಗದ ಜಾಗಗಳು ಈಗಾಗಲೇ ಇವೆ ಎಂದರ್ಥ. ಆಗ ಮಿಕ್ಕ ಕೆಲಸ ಬದಿಗಿಟ್ಟು ಫೋಟೊ, ಕಾಗದಪತ್ರಗಳನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳಬೇಕು. ಅಂಥ ಡಿಸ್ಕನ್ನು ಇಡಿಯಾಗಿ ಕ್ಲೋನ್ ಮಾಡಲು (ಇದ್ದದ್ದನ್ನೆಲ್ಲ ಇದ್ದಂತೆಯೇ ಇನ್ನೊಂದಕ್ಕೆ ನಕಲಿಸಲು) ಮತ್ತೆ ಮತ್ತೆ ಪ್ರಯತ್ನಿಸಿದರೆ ಉಳಿದ ಜೀವವೂ ಹೋಗುತ್ತದೆ. ‘ಟಕ್... ಟಕ್...’ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಚಾಲೂ ಮಾಡುವುದನ್ನೇ ನಿಲ್ಲಿಸಿ. ‘ಸಿಆರ್‌ಸಿ ಎರರ್’ ಎಂಬ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಸರಿಯಿದ್ದು, ಅದರ ಕೇಬಲ್ ಅಥವಾ ಕನೆಕ್ಟರ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬದಲಿಸದೆ ಹೊಸ ಎಸ್‌ಎಸ್‌ಡಿ ಹಾಕಿದರೂ ಅದೇ ಗೋಳು.

ಇನ್ನು ಬದಲಿಸಲು ಬರುವುದೇ ಎಂಬ ಪ್ರಶ್ನೆ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಬರುವುದಿಲ್ಲ. 2016ರಲ್ಲಿ ಹತ್ತು ಸಾವಿರ ರೂಪಾಯಿಯ ಒಳಗೆ ಬಂದ ಐಬಾಲ್ ಕಾಂಪ್‌ಬುಕ್ ಎಕ್ಸೆಲೆನ್ಸ್‌ನಂಥವುಗಳಲ್ಲಿ 2 ಜಿಬಿ ರ‍್ಯಾಮ್ ಮತ್ತು 32 ಜಿಬಿ ಸಂಗ್ರಹ ಎರಡೂ ಬೋರ್ಡಿಗೇ ಸೋಲ್ಡರ್ ಆಗಿವೆ. ಅದರ ಆಟಮ್ ಝಡ್3735ಎಫ್ ಪ್ರೊಸೆಸರ್ 2 ಜಿಬಿಗಿಂತ ಹೆಚ್ಚನ್ನು ಒಪ್ಪುವುದೂ ಇಲ್ಲ. ಇಎಂಎಂಸಿ ಎಂದು ಬರೆದಿರುವ 32 ಅಥವಾ 64 ಜಿಬಿ ಸಂಗ್ರಹ ಎಂದರೆ ಬಹುತೇಕ ಇದೇ ಕಥೆ. ಅಂಥದ್ದಕ್ಕೆ ಮೆಮೊರಿ ಕಾರ್ಡ್ ಸಿಕ್ಕಿಸಿ ಕಡತ ಇಟ್ಟುಕೊಳ್ಳಬಹುದು, ಅಷ್ಟೇ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲಿರುತ್ತದೆ. ಅಲ್ಲಿ ‘ಸೋಡಿಮ್’ ಎಂದಿದ್ದರೆ ಬಿಚ್ಚಿ ತೆಗೆಯುವ ರ‍್ಯಾಮ್, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೆ ಅಂಟಿದ ರ‍್ಯಾಮ್. ಪಕ್ಕದಲ್ಲೇ ಎಷ್ಟು ಸ್ಲಾಟ್, ಎಷ್ಟು ತುಂಬಿದೆ ಎಂದೂ ಇರುತ್ತದೆ. ಈ ಮಾಹಿತಿ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಕೊಟ್ಟದ್ದು, ಕೆಲವೊಮ್ಮೆ ತಪ್ಪಿರುತ್ತದೆ. ಹಿಂಬದಿ ಬಿಚ್ಚಿ ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿ.

ರ‍್ಯಾಮ್ ಕೊಳ್ಳುವಾಗ ಸ್ಲಾಟಿಗೆ ಸಿಕ್ಕಿಸುವ ಹಳೆಯ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿಯನ್ನು ಓದಲು ಕಲಿತರೆ ಅರ್ಧ ಮೋಸ ತಪ್ಪುತ್ತದೆ. ಉದಾಹರಣೆಗೆ ಒಂದು ಚೀಟಿಯಲ್ಲಿ ‘4ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್’ ಎಂದಿದೆ ಎನ್ನಿ. ಪಿಸಿ3 ಎಂದರೆ ಡಿಡಿಆರ್3, ಅಂದರೆ ಡಿಡಿಆರ್ ರ‍್ಯಾಮಿನ ಮೂರನೇ ತಲೆಮಾರು. ಅದರ ಮುಂದಿನ ‘ಎಲ್’ ಬಹಳ ಮುಖ್ಯ: ಅದು 1.35 ವೋಲ್ಟಿನಲ್ಲಿ ನಡೆಯುವ ರ‍್ಯಾಮ್. ‘ಎಲ್’ ಇಲ್ಲದ್ದು 1.5 ವೋಲ್ಟಿನದು. 12800 ಎಂದರೆ 1600ರ ವೇಗ, 10600 ಎಂದರೆ 1333. ಕೊನೆಯ ‘ಎಸ್’ ಲ್ಯಾಪ್‌ಟಾಪಿನ ಚಿಕ್ಕ ಪಟ್ಟಿ ಎಂಬುದರ ಗುರುತು. ಎನ್2840, ಎನ್3060 ಸೆಲೆರಾನ್‌ಗಳು 1.35 ವೋಲ್ಟನ್ನೇ ಕೇಳುತ್ತವೆ. ಅವಕ್ಕೆ 1.5 ವೋಲ್ಟಿನ ಹಳೆಯ ಡಿಡಿಆರ್3 ಹಾಕಿದರೆ ಪಟ್ಟಿ ಸರಿಯಾಗಿ ಕೂರುತ್ತದೆ, ಅಂಚಿನ ತೋಡೂ ಹೊಂದುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ‘ಬೋರ್ಡ್ ಹೋಯಿತು’ ಎಂದು ಗಾಬರಿಯಾಗುವ ಪ್ರಕರಣಗಳಲ್ಲಿ ಹಲವು ಇಷ್ಟರಲ್ಲೇ ಮುಗಿಯುತ್ತವೆ. ಹಳೆಯ ಪಟ್ಟಿ ಹಾಕಿದರೆ ಯಂತ್ರ ಎದ್ದು ಕೂರುತ್ತದೆ.

ಬೇರೆ ಬೇರೆ ತಲೆಮಾರಿನ ಪಟ್ಟಿಗಳು ಒಂದರ ಜಾಗಕ್ಕೆ ಇನ್ನೊಂದು ಹೋಗವು. ಡಿಡಿಆರ್2ಕ್ಕೆ 200 ಕಾಲು (ಸಂಪರ್ಕದ ಪಿನ್), ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260. ತೋಡಿನ ಜಾಗವೂ ಬೇರೆ. ಪ್ರೊಸೆಸರ್ ಹಾಕಿರುವ ಮಿತಿಯನ್ನೂ ನೋಡಿಕೊಳ್ಳಬೇಕು. ಆಟಮ್ ಎನ್270, ಎನ್450, ಎನ್455, ಎನ್570 ಇರುವ ನೆಟ್‌ಬುಕ್‌ಗಳಿಗೆ 2 ಜಿಬಿಯೇ ಕೊನೆ. 4 ಜಿಬಿ ಪಟ್ಟಿ ಹಾಕಿದರೆ ಸಾಮಾನ್ಯವಾಗಿ ಏಳುವುದಿಲ್ಲ. ಎನ್3060 ಮತ್ತು ಎನ್4000 ಸೆಲೆರಾನ್‌ಗಳಿಗೆ 8 ಜಿಬಿ. ಹೀಗಿದ್ದೂ ತಯಾರಕರು ಬಯಾಸ್‌ನಲ್ಲಿ ಅದಕ್ಕಿಂತ ಕಡಿಮೆ ಮಿತಿ ಹಾಕಿರಬಹುದು. ಆ ಮಾದರಿಯ ಸರ್ವೀಸ್ ಮ್ಯಾನುಯಲ್ ತೆರೆದು ನೋಡುವುದು ಐದು ನಿಮಿಷದ ಕೆಲಸ. ಒಂದೇ ಸ್ಲಾಟ್ ಇರುವಲ್ಲಿ ಹಳೆಯದನ್ನು ತೆಗೆದೇ ಹೊಸದನ್ನು ಹಾಕಬೇಕು. ‘ಇರುವ ನಾಲ್ಕಕ್ಕೆ ಇನ್ನೊಂದು ನಾಲ್ಕು ಸೇರಿಸಿದರಾಯಿತು’ ಎಂದುಕೊಂಡು 4 ಜಿಬಿ ತಂದವರು ಮತ್ತೆ ಅಂಗಡಿಗೆ ಅಲೆಯಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮ, ಅಂಗಡಿಗಳಲ್ಲೂ ಎಲ್ಲರಿಗೂ ತಿಳಿದಿರದ್ದು. ಒಂದೇ ಅಳತೆಯ ರ‍್ಯಾಮ್‌ನಲ್ಲಿ ಕೆಲವಕ್ಕೆ ಎಂಟು ಚಿಪ್, ಕೆಲವಕ್ಕೆ ಹದಿನಾರು ಚಿಪ್ ಇರುತ್ತವೆ. ಚೀಟಿಯಲ್ಲಿ ಎಂಟಕ್ಕೆ ‘1ಆರ್‌ಎಕ್ಸ್8’, ಹದಿನಾರಕ್ಕೆ ‘2ಆರ್‌ಎಕ್ಸ್8’ ಎಂದಿರುತ್ತದೆ. ಎಂಟರಲ್ಲೇ ಅಷ್ಟನ್ನೂ ತುಂಬಿಸಬೇಕಾದರೆ ಪ್ರತಿ ಚಿಪ್ ಎರಡರಷ್ಟು ಸಾಂದ್ರವಾಗಿರಬೇಕು. ಅಷ್ಟು ಸಾಂದ್ರ ಚಿಪ್ಪನ್ನು ಗುರುತಿಸಲು ಹಳೆಯ ಯಂತ್ರಗಳ ಮೆಮೊರಿ ಕಂಟ್ರೋಲರ್‌ಗೆ ಬರದೆ ಹೋಗಬಹುದು. ಹಳೆಯ ಡಿಡಿಆರ್3 ಯಂತ್ರಕ್ಕೆ ಕೊಳ್ಳುವಾಗ ಎರಡೂ ಕಡೆ ಚಿಪ್ ಇರುವ ಹದಿನಾರರ ಪಟ್ಟಿಯನ್ನೇ ಕೇಳುವುದು ಕ್ಷೇಮ. ‘ಕೂರದಿದ್ದರೆ ಬದಲಿಸಿಕೊಡುತ್ತೇವೆ’ ಎಂಬ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಳಸಿದ ಡಿಡಿಆರ್3 ಪಟ್ಟಿಗಳು ಸಿಗುತ್ತವೆ. ತಯಾರಕರ ಚೀಟಿ ಕಿತ್ತು ಬೇರೆ ಚೀಟಿ ಅಂಟಿಸಿದ್ದನ್ನು ಮುಟ್ಟಬೇಡಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿರುವುದರಿಂದ, ಹೋದ ವರ್ಷ ನೆಂಟರು ಕೊಟ್ಟ ಬೆಲೆ ಹೇಳಿ ಅಂಗಡಿಯವರ ಜೊತೆ ಜಗಳ ಕಾಯುವುದು ಮಾತ್ರ ನ್ಯಾಯವಲ್ಲ.

ಎಸ್‌ಎಸ್‌ಡಿ ಆಯ್ಕೆ ಇಷ್ಟು ತೊಡಕಿನದಲ್ಲ. ಹಾರ್ಡ್ ಡಿಸ್ಕ್ ಇದ್ದ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಹಳೆಯ ಡಿಸ್ಕ್ ಹಲವು ಯಂತ್ರಗಳಲ್ಲಿ 9.5 ಮಿ.ಮೀ. ದಪ್ಪವಿದ್ದು ಎಸ್‌ಎಸ್‌ಡಿ 7 ಮಿ.ಮೀ. ಇರುತ್ತದೆ. ಆ ಎರಡೂವರೆ ಮಿ.ಮೀ. ಸಂದಿಗೆ ಪ್ಲಾಸ್ಟಿಕ್ ಚೌಕಟ್ಟು ಇಡದಿದ್ದರೆ ಅದು ಒಳಗೆ ಅಲುಗಿ ಕನೆಕ್ಟರ್ ಸಡಿಲವಾಗುತ್ತದೆ. 240 ಜಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 223 ಎಂದು ಕಂಡರೆ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ‘ಎಸ್‌ಎಸ್‌ಡಿ ಬರೆದು ಬರೆದು ಸವೆದುಹೋಗುತ್ತದಂತೆ’ ಎಂಬ ಭಯ ಹಲವರಿಗಿದೆ. ಸವೆಯುವುದು ನಿಜ. ಆದರೆ ಕಿಂಗ್‌ಸ್ಟನ್ ಎ400ರ 240 ಜಿಬಿ ಮಾದರಿಗೆ ಕಂಪನಿ ಕೊಟ್ಟಿರುವ ಮಿತಿ 80 ಟಿಬಿ. ದಿನಕ್ಕೆ 10 ಜಿಬಿ ಬರೆದರೂ ಎಂಟು ಸಾವಿರ ದಿನ, ಇಪ್ಪತ್ತು ವರ್ಷಕ್ಕೂ ಮೇಲೆ. ಅದಕ್ಕೆ ಮೊದಲು ಲ್ಯಾಪ್‌ಟಾಪಿನ ಕೀಲು ಮುರಿದಿರುತ್ತದೆ.

ಎಚ್ಚರ ಬೇಕಿರುವುದು ಎಂ.2 ಸ್ಲಾಟ್ ಇರುವ ಯಂತ್ರಗಳಲ್ಲಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಆ ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ಅಗ್ಗದ ಸೆಲೆರಾನ್ ಯಂತ್ರಗಳ ಕೆಲವು ಸ್ಲಾಟ್‌ಗಳು ಸಾಟಾ ಮಾತ್ರ ಓದುತ್ತವೆ. ಎನ್‌ವಿಎಂಇ ಸಿಕ್ಕಿಸಿದರೆ ಬಯಾಸ್‌ನಲ್ಲಿ ಹೆಸರೇ ಕಾಣದು. ಉದ್ದವೂ ಹೊಂದಬೇಕು: 2280 ಎಂದರೆ 80 ಮಿ.ಮೀ., 2242 ಎಂದರೆ 42 ಮಿ.ಮೀ. ‘2 ಟಿಬಿ’ ಎಂದು ನಂಬಲಾಗದ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುವವು ನಕಲಿ. ಒಳಗಿರುವುದು ಚಿಕ್ಕ ಚಿಪ್, ತುಂಬಿದ ಮೇಲೆ ಹಳೆಯ ಕಡತಗಳ ಮೇಲೆಯೇ ಬರೆಯುತ್ತಾ ಹೋಗುತ್ತದೆ.

ಈಗ ಬಿಚ್ಚುವ ಕೆಲಸ. ಮೊದಲು ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ಇಲ್ಲದಿದ್ದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಇಡುತ್ತದೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗಿದ್ದರೆ ಕಳಚಿ, ಆಮೇಲೆ ಪವರ್ ಗುಂಡಿಯನ್ನು ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಡಿಭಾಗ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಊದಿದ ಬ್ಯಾಟರಿ. ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ ಹತ್ತಬಹುದು. ಅದನ್ನು ತಿಳಿದವರ ಕೈಗೇ ಕೊಡಿ.

ಒಂದು ದಪ್ಪ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಹಿಂಬದಿಯ ಚಿತ್ರ ಬರೆದುಕೊಂಡು, ಯಾವ ತೂತಿನ ಸ್ಕ್ರೂ ಯಾವುದೋ ಅದೇ ಜಾಗದಲ್ಲಿ ಚುಚ್ಚಿಡಿ. ಇದು ಮಕ್ಕಳಾಟವಲ್ಲ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಕೈ ಊರುವ ಜಾಗದ ಪ್ಲಾಸ್ಟಿಕ್ ಉಬ್ಬುತ್ತದೆ, ಇಲ್ಲವೇ ಬೋರ್ಡಿಗೆ ತಗಲುತ್ತದೆ. ಪಿಎಚ್0 ಮತ್ತು ಪಿಎಚ್1 ತುದಿಯ ಸ್ಕ್ರೂಡ್ರೈವರ್ ಸಾಕು. ತಲೆ ಸವೆದ ಅಗ್ಗದ ಸೆಟ್ ಬಳಸಿದರೆ ಸ್ಕ್ರೂ ತಲೆಯೇ ಬೋಳಾಗುತ್ತದೆ. ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಜೋರು ಮಾಡಬೇಡಿ: ರಬ್ಬರ್ ಪಾದದ ಅಡಿ, ಡಿವಿಡಿ ಡ್ರೈವ್ ಜಾಗದಲ್ಲಿ, ಅಂಟಿಸಿದ ಚೀಟಿಯ ಕೆಳಗೆ ಇನ್ನೊಂದು ಅಡಗಿರುತ್ತದೆ. ಅಂಚು ಎಬ್ಬಿಸಲು ಹಳೆಯ ಎಟಿಎಂ ಕಾರ್ಡ್ ಅಥವಾ ಗಿಟಾರ್ ಮೀಟು ಬಳಸಿ, ಚಾಕು ಬೇಡ. ಕೆಲವು ನೆಟ್‌ಬುಕ್‌ಗಳು ಹಿಂಬದಿಯಿಂದ ತೆರೆಯುವುದೇ ಇಲ್ಲ, ಕೀಬೋರ್ಡ್ ಎತ್ತಬೇಕು. ಅದರ ಅಡಿಯ ಪಟ್ಟಿ ಕೇಬಲ್ಲನ್ನು ಹಿಡಿದಿರುವ ಉಗುರಗಲದ ಚಿಲಕವನ್ನು ಮೊದಲು ಎತ್ತದೆ ಎಳೆದರೆ ಚಿಲಕ ಮುರಿಯುತ್ತದೆ. ಆ ಚಿಲಕ ಬಿಡಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ.

ಬ್ಯಾಟರಿ ಒಳಗಿರುವ ಯಂತ್ರವಾದರೆ ಮುಚ್ಚಳ ತೆಗೆದ ತಕ್ಷಣ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆಯೇ ಬೇರೆ ಯಾವುದಕ್ಕಾದರೂ ಕೈ. ನೈಲಾನ್ ಬಟ್ಟೆ, ಕಂಬಳಿ ಹಾಸಿದ ನೆಲ ಬೇಡ. ಚಳಿಗಾಲದ ಒಣಗಾಳಿಯಲ್ಲಿ, ಬಯಲುಸೀಮೆಯ ಕಡೆ ಮುಖ್ಯವಾಗಿ, ಮೈಮೇಲಿನ ಸ್ಥಾಯಿ ವಿದ್ಯುತ್ತು ಚಿಪ್ಪಿಗೆ ಮಾರಕ. ಬಣ್ಣ ಬಳಿಯದ, ನೆಲಕ್ಕೆ ಸಂಪರ್ಕವಿರುವ ಲೋಹವನ್ನೊಮ್ಮೆ ಮುಟ್ಟಿ ಶುರುಮಾಡಿ. ಕರಾವಳಿ, ಮಲೆನಾಡಿನಲ್ಲಿ ತೊಂದರೆ ಬೇರೆ: ತೇವಕ್ಕೆ ರ‍್ಯಾಮಿನ ಸಂಪರ್ಕದ ಹಲ್ಲುಗಳು ಮಂಕಾಗಿರುತ್ತವೆ. ಬಿಳಿ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರ್ ಪುಡಿಯನ್ನು ಬ್ರಷ್‌ನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿದ ಬಟ್ಟೆಯಲ್ಲಿ ಒರೆಸಿದರೆ ಹೊಳೆಯುತ್ತವೆ. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಮಳೆಗಾಲದಲ್ಲಿ ‘ರ‍್ಯಾಮ್ ಹೋಗಿದೆ’ ಎಂದು ಬರುವ ಯಂತ್ರಗಳಿಗೆ ಎಷ್ಟೋ ಸಲ ಈ ಉಜ್ಜುವಿಕೆಯೇ ಔಷಧಿ.

ಹೊಸ ರ‍್ಯಾಮನ್ನು ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿನೊಳಗೆ ದೂಡಬೇಕು. ಚಿನ್ನದ ಬಣ್ಣದ ಹಲ್ಲುಗಳು ಒಂದು ಗೆರೆಯಷ್ಟೂ ಹೊರಗೆ ಕಾಣದಂತಾದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಲೋಹದ ಕ್ಲಿಪ್ ‘ಟಿಕ್’ ಎಂದು ಕೂರುತ್ತವೆ. ಹಲ್ಲು ಹೊರಗಿರುವಾಗಲೇ ಒತ್ತಿದರೂ ಕ್ಲಿಪ್ ಕೂರುವುದುಂಟು. ಪರದೆ ಬರದಿರಲು, ಕ್ಯಾಪ್ಸ್ ಲಾಕ್ ದೀಪ ಮಿನುಗಲು, ಬೀಪ್ ಕೂಗಲು ಇದೇ ಸಾಮಾನ್ಯ ಕಾರಣ. ತೆಗೆದು ಮತ್ತೆ ಕೂರಿಸಿ. ಸರಿಯಾಗಿ ಎದ್ದ ಮೇಲೂ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಪಟ್ಟಿಯನ್ನು ವಾಪಸು ಕೊಡಿ. ಕೆಟ್ಟ ರ‍್ಯಾಮ್ ಸುಮ್ಮನಿರುವುದಿಲ್ಲ, ಬರೆಯುವ ಕಡತಗಳನ್ನೂ ಗುಟ್ಟಾಗಿ ಕೆಡಿಸುತ್ತದೆ.

ಹಾರ್ಡ್ ಡಿಸ್ಕನ್ನು ಮೇಲಕ್ಕೆ ಎತ್ತುವ ಮೊದಲು ಅಡ್ಡಕ್ಕೆ ಸರಿಸಿ ಕನೆಕ್ಟರಿನಿಂದ ಬಿಡಿಸಿಕೊಳ್ಳಬೇಕು. ಕೆಲವು ಮಾದರಿಗಳಲ್ಲಿ ಡಿಸ್ಕಿನ ತುದಿಗೆ ಬೆರಳಗಲದ ಅಡಾಪ್ಟರ್ ತುಂಡೊಂದು ಅಂಟಿಕೊಂಡೇ ಬರುತ್ತದೆ. ಅದನ್ನೂ ಲೋಹದ ಚೌಕಟ್ಟನ್ನೂ ಬಿಡಿಸಿ ಎಸ್‌ಎಸ್‌ಡಿಗೆ ಹಾಕಲು ಮರೆತು ‘ಹೊಸದು ಕೂರುತ್ತಲೇ ಇಲ್ಲ’ ಎನ್ನುವವರು ಬಹಳ. ಮುಚ್ಚಳ ತೆಗೆದಿರುವಾಗಲೇ ಯಂತ್ರ ಆರಿದ್ದಾಗಲೂ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿಯನ್ನೂ ಅಳೆದು ನೋಡಿ. 3 ವೋಲ್ಟಿನ ಸಿಆರ್2032 ಬಿಲ್ಲೆ ಅದು, ಕೆಲವು ಯಂತ್ರಗಳಲ್ಲಿ ಎರಡು ತಂತಿಯೊಂದಿಗೆ ಬರುತ್ತದೆ. ಅದು ಸತ್ತಿದ್ದರೆ ತಾರೀಖು ಹಿಂದಕ್ಕೆ ಹೋಗಿ, ಬ್ಯಾಂಕಿನದ್ದೂ ಸೇರಿದಂತೆ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲೊಪ್ಪುವುದಿಲ್ಲ. ಜನ ಇಂಟರ್‌ನೆಟ್ಟನ್ನು ಬೈಯುತ್ತಾರೆ.

ತಂತ್ರಾಂಶದ ವಿಷಯದಲ್ಲಿ ನಮ್ಮ ಸಲಹೆ, ಹಳೆಯದನ್ನು ಕ್ಲೋನ್ ಮಾಡುವ ಬದಲು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಸಾಗಿಸಬೇಕಿಲ್ಲ. ಕ್ಲೋನ್ ಮಾಡಲೇಬೇಕಾದರೆ ನೆನಪಿಡಿ: 500 ಜಿಬಿಯ ಪಾರ್ಟಿಷನ್‌ಗಳನ್ನು (ಡಿಸ್ಕಿನ ವಿಭಾಗಗಳನ್ನು) ಮೊದಲು ಕುಗ್ಗಿಸದೆ 240ಕ್ಕೆ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ನಕಲಿಸುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮಾಡಿದ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗುತ್ತದೆ. ಎಸ್‌ಎಸ್‌ಡಿಗೆ ಅದು 2048ರಿಂದ ಶುರುವಾಗಬೇಕು. ಇಲ್ಲದಿದ್ದರೆ ಪ್ರತಿ ಬರಹವೂ ಎರಡು ಪುಟಗಳ ಮೇಲೆ ಹಾಯ್ದು ವೇಗವೂ ಬಾಳಿಕೆಯೂ ಕುಗ್ಗುತ್ತವೆ. ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನ ಜೊತೆ ವ್ಯವಹರಿಸುವ ವಿಧಾನ) ‘ಐಡಿಇ’ ಎಂದಿದ್ದರೆ ಇನ್‌ಸ್ಟಾಲ್‌ಗೆ ಮೊದಲೇ ‘ಎಎಚ್‌ಸಿಐ’ ಮಾಡಿ. ಆಮೇಲೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇಲ್ಲದ ನೆಟ್‌ಬುಕ್‌ನಲ್ಲಿ ವಿಂಡೋಸ್ ಹಾಕುವುದಾದರೆ ಡಿಸ್ಕಿನ ವಿಭಜನೆ ಹಳೆಯ ಎಂಬಿಆರ್ ಮಾದರಿಯಲ್ಲಿರಬೇಕು. ವಿಂಡೋಸ್ ಲೈಸೆನ್ಸ್ ಹೋಗಿಬಿಡುತ್ತದೆಂಬ ಅಂಜಿಕೆ ಬೇಡ, ಅದು ಮದರ್‌ಬೋರ್ಡಿಗೆ ಅಂಟಿದ್ದು.

ಕನ್ನಡಿಗರು ಮರೆಯಬಾರದ ಒಂದು ವಿಷಯವಿದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಮಾಡಿದ ಕಡತಗಳು ಹಲವು ಯುನಿಕೋಡ್‌ನಲ್ಲಿ (ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ) ಇಲ್ಲ. ಅವು ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಡಿಸ್ಕ್ ಬದಲಿಸುವ ಮೊದಲು ಕಡತಗಳ ಜೊತೆ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ. ಸಾಧ್ಯವಾದರೆ ಹಳೆಯ ಯಂತ್ರ ನಡೆಯುತ್ತಿರುವಾಗಲೇ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಸಂಘದ ಲೆಕ್ಕ, ಅಜ್ಜ ಟೈಪ್ ಮಾಡಿಸಿದ ವಂಶಾವಳಿ, ಪ್ರಬಂಧದ ಕರಡು ಇಂಥವು ಹೀಗೆ ಓದಲಾಗದೆ ಹೋದರೆ ಯಾವ ಎಸ್‌ಎಸ್‌ಡಿಯೂ ತಂದುಕೊಡುವುದಿಲ್ಲ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಎನ್3060 ಆ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ಹಾಕಿಸುವುದಕ್ಕಿಂತ ವಿಂಡೋಸಿನ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ನೆಮ್ಮದಿ. ಅದಕ್ಕೆ ಕನಿಷ್ಠ 2 ಜಿಬಿ, ಹಿತವಾಗಿ ನಡೆಯಲು 4 ಜಿಬಿ ಸಾಕು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿರುವಾಗ ನಮಗೇಕೆ ಹಿಂಜರಿಕೆ? ಲಿನಕ್ಸ್‌ನಲ್ಲಿ ಭಾರತೀಯ ಭಾಷೆ ಟೈಪ್ ಮಾಡಿಸುವ ಐಬಸ್‌ನ ಎಂ17ಎನ್ ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ, ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. 2 ಜಿಬಿಯ ಯಂತ್ರದಲ್ಲಿ ಝಡ್‌ರ‍್ಯಾಮ್ ಚಾಲೂ ಮಾಡಿದರೆ ರ‍್ಯಾಮಿನಲ್ಲಿರುವುದನ್ನೇ ಹಿಂಡಿ ಜಾಗ ಮಾಡಿಕೊಡುತ್ತದೆ. ಎನ್270 ಮಾತ್ರ 32 ಬಿಟ್‌ನದು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್‌ನಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಡೆಬಿಯನ್ 12ನ್ನೇ ಹಾಕಬೇಕು.

ಇಷ್ಟೆಲ್ಲ ಮಾಡಿದರೂ ಪ್ರೊಸೆಸರ್ ಹಳೆಯದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿದ ಎನ್3060ರಲ್ಲಿ ಅರ್ಜಿ ತುಂಬುವುದು, ಟೈಪಿಂಗ್, ಲೆಕ್ಕಪತ್ರ, ಆನ್‌ಲೈನ್ ಪಾಠ, ಐದಾರು ಟ್ಯಾಬ್‌ಗಳ ಬ್ರೌಸರ್ ಚೆನ್ನಾಗಿ ಸಾಗುತ್ತವೆ. ವಿಡಿಯೊ ಎಡಿಟಿಂಗ್, ದೊಡ್ಡ ಆಟ ಸಾಗವು. ಆಟಮ್ ನೆಟ್‌ಬುಕ್‌ನಲ್ಲಿ ಯೂಟ್ಯೂಬ್ 480ಪಿಗಿಂತ ಮೇಲೆ ಎಳೆಯಬೇಡಿ. ಬ್ಯಾಟರಿ, ಪರದೆ, ಕೀಲು ಮೂರೂ ಹೋಗಿರುವ ಯಂತ್ರಕ್ಕೆ ಇಷ್ಟು ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಆ ಎಸ್‌ಎಸ್‌ಡಿಯನ್ನು ಮುಂದಿನ ಲ್ಯಾಪ್‌ಟಾಪಿಗೆ ಒಯ್ಯಬಹುದು ಎಂಬುದು ಇನ್ನೊಂದು ಕಾರಣ, ಮೊದಲ ಹಣ ಅದಕ್ಕೇ ಹಾಕಿ ಎನ್ನುವುದಕ್ಕೆ.

ತೆಗೆದ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಿ. ಬೀರುವಿನಲ್ಲಿ ವರ್ಷಗಟ್ಟಲೆ ಸುಮ್ಮನಿಡುವ ಕಡತಗಳಿಗೆ ಎಸ್‌ಎಸ್‌ಡಿಗಿಂತ ಅದೇ ಮೇಲು. ವಿದ್ಯುತ್ತೇ ಕಾಣದ ಎಸ್‌ಎಸ್‌ಡಿ ನಿಧಾನಕ್ಕೆ ದತ್ತಾಂಶ ಕಳೆದುಕೊಳ್ಳಬಹುದು. ಕೆಟ್ಟ ಡಿಸ್ಕನ್ನು ಗುಜರಿಯವರಿಗೆ ಹಾಗೇ ಕೊಡಬೇಡಿ. ಡಿಲೀಟ್ ಮಾಡಿದ ಆಧಾರ್ ಪ್ರತಿ, ಬ್ಯಾಂಕ್ ಕಾಗದ ಮತ್ತೆ ಮೇಲೆತ್ತಲು ಬರುತ್ತದೆ. ಪೂರ್ತಿ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಸಿ, ಅದು ಆಗದಿದ್ದರೆ ತಟ್ಟೆಗೇ ಡ್ರಿಲ್ ಹಾಕಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಕೊನೆಯದಾಗಿ, ತಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಅದು ಎಷ್ಟರಮಟ್ಟಿಗೆ ದುರಸ್ತಿಯಾಗಬಲ್ಲದು ಎಂಬ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಆದರೆ ಅಂಗಡಿಯಲ್ಲಿ ನಿಂತು ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವ ತಂದೆಗೆ ಪೆಟ್ಟಿಗೆಯ ಮೇಲೆ ಸಿಗುವುದು ‘8 ಜಿಬಿ’ ಎಂಬ ದೊಡ್ಡ ಅಕ್ಷರ ಮಾತ್ರ. ರ‍್ಯಾಮ್ ಸೋಲ್ಡರ್ ಆಗಿದೆಯೇ ಸ್ಲಾಟಿನಲ್ಲಿದೆಯೇ, ಖಾಲಿ ಸ್ಲಾಟ್ ಎಷ್ಟು, ಗರಿಷ್ಠ ಎಷ್ಟು ಹಾಕಬಹುದು, ಸಂಗ್ರಹ ಬದಲಿಸಲು ಬರುತ್ತದೆಯೇ ಎಂಬ ನಾಲ್ಕು ಸಾಲನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ರಾಜ್ಯ ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಲು ಲ್ಯಾಪ್‌ಟಾಪ್ ಕೊಳ್ಳುವಾಗಲಂತೂ ಕಾನೂನಿಗೆ ಕಾಯಬೇಕಿಲ್ಲ: ಬಿಚ್ಚಬಹುದಾದ ರ‍್ಯಾಮ್, ಬದಲಿಸಬಹುದಾದ ಎಸ್‌ಎಸ್‌ಡಿ ಇರಬೇಕೆಂದು ಟೆಂಡರಿನ ಷರತ್ತಿನಲ್ಲೇ ಸೇರಿಸಬಹುದು.

ಇಂತಿ,
ಲ್ಯಾಪ್‌ಟಾಪ್ ದುರಸ್ತಿ ಕೆಲಸದ ಗೆಳೆಯರು,
ದಾವಣಗೆರೆ